ಸ್ವಂತ ಉದ್ಯಮ ನಿಮಗೆ ಹೊಂದುತ್ತದೆಯೇ? ಕೆಲಸ ಬಿಡದೆ ತಿಳಿದುಕೊಳ್ಳುವ ದಾರಿ

ನಾನು ಸಣ್ಣ ಉದ್ಯಮಗಳ ಲೆಕ್ಕ ಬರೆಯುವವಳು. ಬ್ಯಾಗ್ ಹೊಲಿಯುವವರು, ಸೈಕಲ್ ರಿಪೇರಿ ಮಾಡುವವರು, ಮಕ್ಕಳಿಗೆ ಪಾಠ ಹೇಳುವವರು, ಇಬ್ಬರೇ ಕೂತು ಸಾಫ್ಟ್‌ವೇರ್ ಬರೆಯುವವರು, ಇಂಥವರ ಬಿಲ್ಲುಗಳೆಲ್ಲ ನನ್ನ ಮೇಜಿಗೆ ಬರುತ್ತವೆ. ಹಾಗಾಗಿ ಉದ್ಯಮಗಳು ಶುರುವಾಗುವುದನ್ನೂ ನೋಡಿದ್ದೇನೆ, ಬೆಳೆಯುವುದನ್ನೂ ನೋಡಿದ್ದೇನೆ, ಬಾಗಿಲು ಹಾಕುವುದನ್ನೂ ನೋಡಿದ್ದೇನೆ. ಸಂಬಳದ ಕೆಲಸದಲ್ಲಿರುವ ಪರಿಚಯದವರು ಬಂದು ಕೇಳುವುದು ಒಂದೇ ಪ್ರಶ್ನೆ: "ನಾನೂ ಏನಾದರೂ ಸ್ವಂತದ್ದು ಶುರು ಮಾಡಲಾ? ನನ್ನ ಕೈಲಿ ಆಗುತ್ತಾ?"

ನಾನು ಹೌದು ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಸುಮ್ನೆ ಕೂತು ಯೋಚಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸಣ್ಣದಾಗಿ ಮಾಡಿ ನೋಡಬೇಕು. ಕಳೆದುಕೊಂಡರೂ ತಡೆದುಕೊಳ್ಳುವಷ್ಟು ದುಡ್ಡಿನಲ್ಲಿ, ಕೈಲಿರುವ ಕೆಲಸ ಬಿಡದೆ ಮಾಡಿ ನೋಡಬೇಕು. ಅದು ಹೇಗೆ, ಅದಕ್ಕೂ ಮೊದಲು ಏನೇನು ಕಲಿತಿರಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಉದ್ಯಮ ಅಂದರೆ ನಿಜವಾಗಿ ಏನು

ರಿಚರ್ಡ್ ಕ್ಯಾಂಟಿಲಾನ್ ಎಂಬ ಅರ್ಥಶಾಸ್ತ್ರಜ್ಞ ಬರೆದ ಪ್ರಬಂಧವೊಂದು 1755ರಲ್ಲಿ ಅಚ್ಚಾಯಿತು. ಅದರಲ್ಲಿ ಅವನು ಉದ್ಯಮಿಯನ್ನು ಗುರುತಿಸಿದ ರೀತಿ ನನಗೆ ಇವತ್ತಿಗೂ ಸರಿ ಅನಿಸುತ್ತದೆ. ಉದ್ಯಮಿ ಗೊತ್ತಿರುವ ಬೆಲೆಗೆ ಕೊಳ್ಳುತ್ತಾನೆ, ಗೊತ್ತಿಲ್ಲದ ಬೆಲೆಗೆ ಮಾರುತ್ತಾನೆ. ಖರ್ಚು ನಿಶ್ಚಿತ, ಆದಾಯ ಅನಿಶ್ಚಿತ. ಸಂಬಳದವರಿಗೆ ತಿಂಗಳ ಕೊನೆಗೆ ಎಷ್ಟು ಬರುತ್ತದೆ ಎಂದು ಮೊದಲೇ ಗೊತ್ತು. ಉದ್ಯಮಿಗೆ ತಿಂಗಳ ಮೊದಲ ದಿನ ಗೊತ್ತಿರುವುದು ಬಾಡಿಗೆ ಮತ್ತು ಕೂಲಿ ಮಾತ್ರ.

1921ರಲ್ಲಿ ಫ್ರಾಂಕ್ ನೈಟ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಇದನ್ನು ಇನ್ನಷ್ಟು ಬಿಡಿಸಿ ಹೇಳಿದ. ಅಪಾಯ ಬೇರೆ, ಅನಿಶ್ಚಿತತೆ ಬೇರೆ. ದಾಳ ಉರುಳಿಸಿದರೆ ಆರು ಬೀಳುವ ಸಾಧ್ಯತೆ ಆರರಲ್ಲಿ ಒಂದು. ಇದು ಲೆಕ್ಕಕ್ಕೆ ಸಿಗುವ ಅಪಾಯ. ಇಂಥದಕ್ಕೆ ವಿಮೆ ಮಾಡಿಸಬಹುದು. ನೀವು ಹೊಲಿದ ಹೊಸ ಬ್ಯಾಗನ್ನು ಜನ ಕೊಳ್ಳುತ್ತಾರೆಯೇ ಎಂಬುದಕ್ಕೆ ಹಾಗೆ ಲೆಕ್ಕ ಹಾಕಲು ಆಗುವುದಿಲ್ಲ, ಯಾರೂ ವಿಮೆಯನ್ನೂ ಕೊಡುವುದಿಲ್ಲ. ಲೆಕ್ಕಕ್ಕೆ ಸಿಗದ ಆ ಭಾರವನ್ನು ಹೊತ್ತದ್ದಕ್ಕೆ ಸಿಗುವುದೇ ಲಾಭ ಎಂಬುದು ನೈಟ್‌ನ ಮಾತಿನ ಸಾರ.

ಇಷ್ಟು ತಿಳಿದರೆ ಬೇರೆ ಎಷ್ಟೋ ಮಾತುಗಳು ಬದಿಗೆ ಸರಿಯುತ್ತವೆ. ದೊಡ್ಡ ಐಡಿಯಾ ಬೇಕು, ಮಾತುಗಾರಿಕೆ ಬೇಕು, ಹುಟ್ಟಿನಿಂದಲೇ ಧೈರ್ಯ ಇರಬೇಕು ಎಂದೆಲ್ಲ ಹೇಳುತ್ತಾರೆ. ನಾನು ಲೆಕ್ಕ ಬರೆಯುವ ಉದ್ಯಮಗಳಲ್ಲಿ ಚೆನ್ನಾಗಿ ನಡೆಯುತ್ತಿರುವ ಹಲವು ಮೌನಿಗಳವು. ತುಂಬಾ ಹುಷಾರಿನ ಜನ ಅವರು. ಒಂದೊಂದು ಖರ್ಚಿಗೂ ಎರಡು ಸಲ ಯೋಚಿಸುತ್ತಾರೆ. ಅವರಿಗೆಲ್ಲ ಇರುವ ಸಮಾನ ಗುಣ ಒಂದೇ. ಮುಂದಿನ ತಿಂಗಳು ಏನಾಗುತ್ತದೋ ಗೊತ್ತಿಲ್ಲದಿದ್ದರೂ ಇವತ್ತಿನ ಕೆಲಸವನ್ನು ಕೈ ನಡುಗದೆ ಮಾಡುತ್ತಾರೆ.

ಅಂಕಿಗಳನ್ನು ನೋಡಿ, ಹೆದರಬೇಡಿ

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಹೊಸ ಉದ್ಯಮಗಳು ಎಷ್ಟು ವರ್ಷ ಉಳಿಯುತ್ತವೆ ಎಂದು ದಶಕಗಳಿಂದ ಲೆಕ್ಕ ಇಟ್ಟಿದೆ. ಅಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಮೊದಲ ವರ್ಷದಲ್ಲೇ ಮುಚ್ಚುತ್ತದೆ. ಐದು ವರ್ಷದ ಹೊತ್ತಿಗೆ ಸುಮಾರು ಅರ್ಧ ಉಳಿದಿರುತ್ತವೆ, ಹತ್ತು ವರ್ಷದ ಹೊತ್ತಿಗೆ ಸುಮಾರು ಮೂರನೇ ಒಂದು ಭಾಗ. "ಹತ್ತರಲ್ಲಿ ಒಂಬತ್ತು ಮುಳುಗುತ್ತವೆ" ಎಂಬ ಮಾತು ಕೇಳಿರುತ್ತೀರಿ. ಅಷ್ಟು ಕೆಟ್ಟದಾಗಿಲ್ಲ. ಮುಚ್ಚಿದ್ದೆಲ್ಲ ನಷ್ಟದಿಂದಲೇ ಮುಚ್ಚಿದ್ದೂ ಅಲ್ಲ. ಮಾರಿದವರಿದ್ದಾರೆ, ವಯಸ್ಸಾಯಿತೆಂದು ನಿಲ್ಲಿಸಿದವರಿದ್ದಾರೆ, ಒಳ್ಳೆಯ ಕೆಲಸ ಸಿಕ್ಕಿತೆಂದು ಹೋದವರಿದ್ದಾರೆ.

ಆದಾಯದ ಮಾತು ಸ್ವಲ್ಪ ಕಹಿ. ಬಾರ್ಟನ್ ಹ್ಯಾಮಿಲ್ಟನ್ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವರ್ಷ ಸ್ವಂತ ಉದ್ಯಮ ನಡೆಸಿದವರ ಮಧ್ಯದ ಆದಾಯ (ಎಲ್ಲರನ್ನೂ ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವರದು), ಅವರು ಅಷ್ಟೇ ಕಾಲ ಸಂಬಳಕ್ಕೆ ದುಡಿದಿದ್ದರೆ ಸಿಗಬಹುದಾಗಿದ್ದಕ್ಕಿಂತ 35 ಪರ್ಸೆಂಟ್ ಕಡಿಮೆ ಇತ್ತು. ಅದೂ ಅಮೆರಿಕದ್ದೇ ಲೆಕ್ಕ. ಆದರೂ ನಾನು ಇದನ್ನು ಎಲ್ಲರಿಗೂ ಹೇಳುತ್ತೇನೆ. ದುಡ್ಡೊಂದೇ ಕಾರಣವಾಗಿದ್ದರೆ ಸಂಬಳದ ಕೆಲಸವನ್ನೇ ಬದಲಾಯಿಸಿ ನೋಡುವುದು ಎಷ್ಟೋ ಜನರಿಗೆ ಹತ್ತಿರದ ದಾರಿ.

ವಯಸ್ಸಾಯಿತು ಎಂದು ಹಿಂಜರಿಯುವವರಿಗೆ ಒಂದು ಸಮಾಧಾನವೂ ಇದೆ. ಪಿಯರ್ ಅಜೂಲೇ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಹೊಸ ಉದ್ಯಮಗಳನ್ನು ಕಟ್ಟಿದವರ ಸರಾಸರಿ ವಯಸ್ಸು 45. ಇಪ್ಪತ್ತರ ಹುಡುಗರ ಕತೆಗಳೇ ಜಾಸ್ತಿ ಓಡಾಡುತ್ತವೆ, ಅಷ್ಟೇ. ಒಂದು ಕಸುಬಿನಲ್ಲಿ ವರ್ಷಗಟ್ಟಲೆ ಪಳಗಿದವರಿಗೆ ಅದರ ತೊಂದರೆಗಳು ಒಳಗಿಂದ ಗೊತ್ತಿರುತ್ತವೆ. ಹೊಸ ದಾರಿ ಹೊಳೆಯುವುದು ಬಹಳಷ್ಟು ಸಲ ಅಲ್ಲಿಂದಲೇ.

ಒಂದೇ ಒಂದು ವಸ್ತುವಿನ ಲೆಕ್ಕ ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮೂಲಪಾಠ ಅಂತ ಇರುವುದಾದರೆ ಅದು ಇದೇ. ಕಾಗದ ಪೆನ್ನು ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಬಟ್ಟೆಯ ಬ್ಯಾಗ್ ಹೊಲಿದು ಮಾರುವವರು ಒಬ್ಬರು ಅಂದುಕೊಳ್ಳಿ. ಒಂದು ಬ್ಯಾಗಿನ ಬೆಲೆ 100. ಬಟ್ಟೆ, ಜಿಪ್, ದಾರಕ್ಕೆ 40. ಹೊಲಿಗೆ ಕೂಲಿ 20. ತಲುಪಿಸುವ ಖರ್ಚು 10. ಉಳಿಯುವುದು 30. ಈ 30 ಇನ್ನೂ ಲಾಭವಲ್ಲ. ಒಂದು ಬ್ಯಾಗೂ ಮಾರದಿದ್ದರೂ ಕೊಡಲೇಬೇಕಾದ ಖರ್ಚುಗಳಿವೆ: ಬಾಡಿಗೆ, ಕರೆಂಟು, ಫೋನು. ಅದು ತಿಂಗಳಿಗೆ 6,000 ಇರಲಿ. 6,000ವನ್ನು 30ರಿಂದ ಭಾಗಿಸಿ. 200 ಬ್ಯಾಗ್ ಮಾರಿದ ಮೇಲೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಸರಿ, ನಿಮ್ಮ ಹೊಟ್ಟೆಪಾಡು? ಶುರು ಮಾಡುವವರಲ್ಲಿ ಹೆಚ್ಚಿನವರು ತಮ್ಮ ಸಂಬಳವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತಿಂಗಳಿಗೆ 9,000 ನಿಮಗೆ ಬೇಕೆಂದರೆ ಒಟ್ಟು 15,000 ಆಯಿತು. 500 ಬ್ಯಾಗ್ ಮಾರಬೇಕು. ತಿಂಗಳಲ್ಲಿ 25 ದಿನ ಕೆಲಸ ಮಾಡಿದರೆ ದಿನಕ್ಕೆ 20. ಈಗ ಪ್ರಶ್ನೆಗೆ ಒಂದು ಆಕಾರ ಬಂತು. ದಿನಕ್ಕೆ 20 ಬ್ಯಾಗ್ ಹೊಲಿಸಲು ಆಗುತ್ತದೆಯೇ? ದಿನಕ್ಕೆ 20 ಬ್ಯಾಗ್ ಕೊಳ್ಳುವವರು ಎಲ್ಲಿದ್ದಾರೆ? ಅವರಿಗೆ ನೀವಿದ್ದೀರಿ ಎಂದು ಹೇಗೆ ಗೊತ್ತಾಗುತ್ತದೆ?

ಬೆಲೆಯನ್ನು ಸ್ವಲ್ಪ ಅಲುಗಾಡಿಸಿ ನೋಡಿ. 100ರ ಬದಲು 120 ಎಂದಿಟ್ಟರೆ ಒಂದರಲ್ಲಿ 50 ಉಳಿಯುತ್ತದೆ. ಆಗ 300 ಬ್ಯಾಗ್ ಸಾಕು. ಬೆಲೆ ಏರಿದ್ದು 20 ಪರ್ಸೆಂಟ್, ಮಾರಬೇಕಾದ ಬ್ಯಾಗುಗಳು ಕಡಿಮೆಯಾದದ್ದು 40 ಪರ್ಸೆಂಟ್. ಈಗ ಉಲ್ಟಾ ನೋಡಿ. ಗಿರಾಕಿ ಬರಲಿ ಎಂದು 10 ಪರ್ಸೆಂಟ್ ರಿಯಾಯಿತಿ ಕೊಟ್ಟರೆ ಬೆಲೆ 90, ಉಳಿಯುವುದು 20. ಮಾರಬೇಕಾದದ್ದು 750. ಹತ್ತು ಪರ್ಸೆಂಟ್ ರಿಯಾಯಿತಿಗೆ ಒಂದೂವರೆ ಪಟ್ಟು ದುಡಿಮೆ! ಈ ಲೆಕ್ಕ ಮಾಡಿ ತೋರಿಸಿದಾಗ ಜನ ಒಂದು ಕ್ಷಣ ಮಾತಾಡುವುದಿಲ್ಲ. ಸಣ್ಣ ಉದ್ಯಮ ನಡೆಸುವ ಎಷ್ಟೋ ಜನ ಹಗಲೂ ರಾತ್ರಿ ದುಡಿದರೂ ಕೈಯಲ್ಲಿ ಏನೂ ನಿಲ್ಲುವುದಿಲ್ಲ. ಬಹಳ ಸಲ ಕಾರಣ ಇಷ್ಟೇ: ಮೊದಲ ದಿನ ಹೆದರಿ ಇಟ್ಟ ಕಡಿಮೆ ಬೆಲೆ.

ನಿಮ್ಮ ಯೋಚನೆ ಬ್ಯಾಗಿನದೇ ಆಗಬೇಕಿಲ್ಲ. ಪಾಠ ಹೇಳುವುದಾದರೆ ಒಂದು ತಾಸು, ಅನುವಾದವಾದರೆ ಒಂದು ಪುಟ, ರಿಪೇರಿಯಾದರೆ ಒಂದು ಸೈಕಲ್. ಯಾವುದಾದರೂ ಒಂದನ್ನು ಹಿಡಿದು ಇದೇ ಲೆಕ್ಕ ಹಾಕಿ. ಸೇವೆಯ ಕೆಲಸವಾದರೆ ಒಂದು ಎಚ್ಚರ. ದಿನದ ಎಂಟು ತಾಸನ್ನೂ ಬಿಲ್ ಮಾಡಲು ಆಗುವುದಿಲ್ಲ. ಗಿರಾಕಿ ಹುಡುಕುವುದು, ದರ ಹೇಳುವುದು, ಬಿಲ್ ಕಳಿಸುವುದು, ಬಾಕಿ ಕೇಳುವುದು, ಇವಕ್ಕೆಲ್ಲ ಯಾರೂ ದುಡ್ಡು ಕೊಡುವುದಿಲ್ಲ. ನನ್ನ ಕೆಲಸದಲ್ಲಿ ದಿನದ ಅರ್ಧಕ್ಕೆ ಮಾತ್ರ ದುಡ್ಡು ಬರುತ್ತದೆ ಎಂದು ಲೆಕ್ಕ ಹಿಡಿದೇ ದರ ಇಟ್ಟಿದ್ದೇನೆ.

ಲಾಭ ಇದ್ದೂ ಕೈ ಖಾಲಿ

ಎರಡನೇ ಪಾಠ ಮೊದಲನೆಯದಕ್ಕಿಂತ ಮುಖ್ಯ. ಲಾಭವೇ ಬೇರೆ, ಕೈಯಲ್ಲಿರುವ ದುಡ್ಡೇ ಬೇರೆ.

ಅದೇ ಬ್ಯಾಗಿನವರಿಗೆ ಒಂದು ಕಂಪನಿಯಿಂದ 400 ಬ್ಯಾಗಿನ ಆರ್ಡರ್ ಬಂತು ಅನ್ನಿ. 40,000ದ ವ್ಯಾಪಾರ! ಷರತ್ತು ಒಂದೇ: ಮಾಲು ಕೊಟ್ಟ 60 ದಿನಕ್ಕೆ ಹಣ. ಬಟ್ಟೆ, ಕೂಲಿ, ಸಾಗಣೆ ಸೇರಿ ಒಂದಕ್ಕೆ 70ರಂತೆ 28,000 ಈಗಲೇ ಕೊಡಬೇಕು. ಕಾಯುವ ಎರಡು ತಿಂಗಳ ಬಾಡಿಗೆ, ಕರೆಂಟು, ಫೋನಿಗೆ 12,000. ಒಂದು ಪೈಸೆ ಬರುವ ಮೊದಲು ಹೊರಗೆ ಹೋದದ್ದು 40,000. ನಿಮ್ಮ ಮನೆ ಖರ್ಚು ಇದರಲ್ಲಿ ಸೇರಿಲ್ಲ. ಆ ಎರಡು ತಿಂಗಳಲ್ಲಿ ಅಂಥದೇ ಇನ್ನೊಂದು ಆರ್ಡರ್ ಬಂದರೆ ಸಂತೋಷದ ಜೊತೆಗೇ ಮತ್ತೆ 28,000 ಹೊಂದಿಸಬೇಕು. ಚೆನ್ನಾಗಿ ನಡೆಯುತ್ತಿದ್ದ ಉದ್ಯಮಗಳು ಹೀಗೆ ಆರ್ಡರ್ ಇದ್ದೂ ನಿಂತುಹೋಗಿರುವುದನ್ನು ಲೆಕ್ಕ ಬರೆಯುತ್ತಲೇ ನೋಡಿದ್ದೇನೆ. ತುಂಬಾ ಸಂಕಟವಾಗುತ್ತದೆ. ಆ ಜನರಿಗೆ ಕೆಲಸ ಬರುತ್ತಿತ್ತು, ಗಿರಾಕಿಯೂ ಇದ್ದ. ನಡುವಿನ ಆ 60 ದಿನ ದಾಟಲು ದುಡ್ಡಿರಲಿಲ್ಲ.

ಇದಕ್ಕೆ ಮದ್ದು ಒಂದು ಹಾಳೆ. ಮೇಲ್ಗಡೆ 13 ವಾರಗಳನ್ನು ಸಾಲಾಗಿ ಬರೆಯಿರಿ, ಅಂದರೆ ಮೂರು ತಿಂಗಳು. ಪ್ರತಿ ವಾರದ ಕೆಳಗೆ ನಾಲ್ಕು ಅಂಕಿ: ವಾರದ ಶುರುವಿಗೆ ಇದ್ದದ್ದು, ಒಳಗೆ ಬರುವುದು, ಹೊರಗೆ ಹೋಗುವುದು, ಕೊನೆಗೆ ಉಳಿಯುವುದು. ಬಿಲ್ ಬರೆದ ವಾರದಲ್ಲಿ ಹಣ ತೋರಿಸಬೇಡಿ. ಹಣ ನಿಜವಾಗಿ ಕೈಗೆ ಬರುವ ವಾರದಲ್ಲೇ ತೋರಿಸಿ. ಯಾವುದಾದರೂ ವಾರ ಕೊನೆಯ ಅಂಕಿ ಸೊನ್ನೆಗಿಂತ ಕೆಳಗೆ ಹೋದರೆ ಅದು ನಿಮಗೆ ಎಷ್ಟೋ ವಾರ ಮೊದಲೇ ಕಾಣುತ್ತದೆ. ಆಗ ಅಡ್ವಾನ್ಸ್ ಕೇಳಬಹುದು, ಬಟ್ಟೆಯವರ ಹತ್ತಿರ ಗಡುವು ಕೇಳಬಹುದು, ಆರ್ಡರನ್ನು ಅರ್ಧ ಅರ್ಧ ಮಾಡಿ ಒಪ್ಪಿಕೊಳ್ಳಬಹುದು.

ಜಮಾ ಖರ್ಚನ್ನು ಎರಡು ಕಡೆ ಬರೆಯುವ ಪದ್ಧತಿಯನ್ನು ಲೂಕಾ ಪಾಚೊಲಿ 1494ರಲ್ಲೇ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ್ದಾನೆ. ನನಗೆ ಆ ಪದ್ಧತಿಯ ಮೇಲೆ ಬಹಳ ಪ್ರೀತಿ. ಆದರೆ ಶುರುವಿನಲ್ಲಿ ನಿಮಗೆ ಅದು ಬೇಡ. ಈ ಒಂದು ಹಾಳೆ ಸಾಕು. ಜೊತೆಗೆ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ. ಮನೆಯ ದುಡ್ಡು ಮತ್ತು ಉದ್ಯಮದ ದುಡ್ಡು ಒಂದೇ ಖಾತೆಯಲ್ಲಿದ್ದರೆ ಉದ್ಯಮ ನಡೆಯುತ್ತಿದೆಯೋ, ಮನೆಯ ಉಳಿತಾಯ ಕರಗುತ್ತಿದೆಯೋ ಯಾರಿಗೂ ಗೊತ್ತಾಗುವುದಿಲ್ಲ.

ಯಾರು ಕೊಳ್ಳುತ್ತಾರೆ ಎಂದು ಕೇಳುವುದು ಹೇಗೆ

"ನಾನು ಹೀಗೊಂದು ಮಾಡಿದರೆ ನೀವು ಕೊಳ್ಳುತ್ತೀರಾ?" ಎಂದು ಕೇಳಬೇಡಿ. ಜನ ಒಳ್ಳೆಯವರು. ನಿಮ್ಮ ಮನಸ್ಸು ನೋಯಬಾರದೆಂದು ಹೌದು ಎನ್ನುತ್ತಾರೆ. ಸ್ನೇಹಿತರಂತೂ ಖಂಡಿತ ಹೌದು ಎನ್ನುತ್ತಾರೆ. ಆ ಹೌದಿನ ಮೇಲೆ ಸಾಲ ಮಾಡಬೇಡಿ.

ಮುಂದೆ ಏನು ಮಾಡುತ್ತೀರಿ ಎಂದು ಕೇಳುವ ಬದಲು ಹಿಂದೆ ಏನು ಮಾಡಿದಿರಿ ಎಂದು ಕೇಳಿ. "ಕಳೆದ ಸಲ ಬ್ಯಾಗ್ ಯಾವಾಗ ಕೊಂಡಿರಿ? ಎಲ್ಲಿ? ಎಷ್ಟು ಕೊಟ್ಟಿರಿ? ಅದರಲ್ಲಿ ಏನು ಸರಿ ಇಲ್ಲ? ಅದಕ್ಕೆ ಏನು ಮಾಡಿದಿರಿ?" ಕೊನೆಯ ಪ್ರಶ್ನೆ ಬಹಳ ಮುಖ್ಯ. ಜಿಪ್ ಹಾಳಾಗಿದೆ ಎಂದು ಗೊಣಗುವವರು ನೂರು ಜನ. ಅದನ್ನು ಸರಿ ಮಾಡಿಸಲು ಹೊರಟವರು ಎಷ್ಟು ಜನ? ತೊಂದರೆ ಇದ್ದೂ ಏನೂ ಮಾಡದೆ ಸುಮ್ಮನಿರುವವರು ನಿಮಗೂ ದುಡ್ಡು ಕೊಡುವುದು ಕಷ್ಟ. ಕೇಳಿದ ಮೇಲೆ ಸುಮ್ಮನಿರಿ. ನಿಮ್ಮ ಯೋಚನೆಯನ್ನು ವಿವರಿಸಲು ಹೋಗಬೇಡಿ. ಹತ್ತು ಹದಿನೈದು ಜನರ ಹತ್ತಿರ ಹೀಗೆ ಮಾತಾಡಿದರೆ ಒಂದೇ ಮಾತು ಮತ್ತೆ ಮತ್ತೆ ಕೇಳಿಸಲು ಶುರುವಾಗುತ್ತದೆ. ಅಲ್ಲಿ ಕೆಲಸವಿದೆ.

ಆಮೇಲೆ, ದುಡ್ಡು ಕೈಬಿಡುವ ಹೌದು ಮಾತ್ರ ಹೌದು. ಅಡ್ವಾನ್ಸ್ ಕೊಟ್ಟರೆ ಹೌದು. ದಿನಾಂಕ ಹೇಳಿ ಆರ್ಡರ್ ಕೊಟ್ಟರೆ ಹೌದು.

1999ರಲ್ಲಿ ನಿಕ್ ಸ್ವಿನ್‌ಮರ್ನ್ ಎಂಬವರಿಗೆ ಜನ ಇಂಟರ್ನೆಟ್‌ನಲ್ಲಿ ಚಪ್ಪಲಿ, ಬೂಟು ಕೊಳ್ಳುತ್ತಾರೆಯೇ ಎಂದು ತಿಳಿಯಬೇಕಿತ್ತು. ಅವರು ಗೋದಾಮು ಕಟ್ಟಲಿಲ್ಲ. ಹತ್ತಿರದ ಬೂಟಿನ ಅಂಗಡಿಗೆ ಹೋಗಿ ಬೂಟುಗಳ ಫೋಟೋ ತೆಗೆದರು, ವೆಬ್‌ಸೈಟಿಗೆ ಹಾಕಿದರು. ಯಾರಾದರೂ ಆರ್ಡರ್ ಮಾಡಿದರೆ ಅದೇ ಅಂಗಡಿಯಿಂದ ಕೊಂಡು ಕಳಿಸಿದರು. ಒಂದೊಂದು ಜೊತೆಯಲ್ಲೂ ಲಾಭವೇನೂ ಇರಲಿಲ್ಲ. ಆದರೆ ಬೇಕಾಗಿದ್ದ ಉತ್ತರ ಸಿಕ್ಕಿತು. ಅದು ಮುಂದೆ ಝಾಪೋಸ್ ಎಂಬ ಕಂಪನಿ ಆಯಿತು, 2009ರಲ್ಲಿ ಅಮೆಜಾನ್ ಅದನ್ನು ಕೊಂಡಿತು.

ಇದಕ್ಕೆ ಎದುರಾದ ಕತೆ ಇರಿಡಿಯಂನದು. ಭೂಮಿಯ ಯಾವ ಮೂಲೆಯಿಂದಲೂ ಮಾತಾಡಬಲ್ಲ ಉಪಗ್ರಹ ಫೋನು. ಸುಮಾರು 500 ಕೋಟಿ ಡಾಲರ್ ಖರ್ಚು, 66 ಉಪಗ್ರಹಗಳ ಜಾಲ. 1998ರ ನವೆಂಬರ್‌ನಲ್ಲಿ ಸೇವೆ ಶುರುವಾಯಿತು, 1999ರ ಆಗಸ್ಟ್‌ನಲ್ಲಿ ದಿವಾಳಿ ಅರ್ಜಿ. ತಂತ್ರಜ್ಞಾನ ಅದ್ಭುತವಾಗಿತ್ತು. ಫೋನು ಮಾತ್ರ ದಪ್ಪ, ದುಬಾರಿ, ಕಟ್ಟಡದ ಒಳಗೆ ಸರಿಯಾಗಿ ನಡೆಯುತ್ತಿರಲಿಲ್ಲ. ಅದನ್ನು ಕಟ್ಟುತ್ತಿದ್ದ ವರ್ಷಗಳಲ್ಲೇ ಮಾಮೂಲಿ ಮೊಬೈಲ್ ಟವರ್‌ಗಳು ಎಲ್ಲ ಕಡೆ ಎದ್ದಿದ್ದವು. ಎಷ್ಟು ಜನ ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಲ್ಲ ದುಡ್ಡು ಖರ್ಚಾದ ಮೇಲೆ. ಉಪಗ್ರಹವನ್ನು ಸ್ವಲ್ಪ ಸ್ವಲ್ಪವಾಗಿ ಹಾರಿಸಿ ನೋಡುವುದು ಕಷ್ಟ, ಒಪ್ಪುತ್ತೇನೆ. ನಿಮ್ಮ ಕೆಲಸ ಅಂಥದಲ್ಲ. ನೀವು ಐದು ಬ್ಯಾಗ್ ಹೊಲಿದು ನೋಡಬಹುದು.

ಎಷ್ಟು ಕಳೆದುಕೊಳ್ಳಲು ತಯಾರಿದ್ದೀರಿ

ಎಷ್ಟು ಲಾಭ ಬರಬಹುದು ಎಂದು ಊಹೆ ಮಾಡುವುದಕ್ಕಿಂತ ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಲ್ಲೆ ಎಂದು ಮೊದಲು ನಿಶ್ಚಯಿಸುವುದು ಒಳ್ಳೆಯದು. ಸಾರಸ್ ಸರಸ್ವತಿ ಎಂಬ ಸಂಶೋಧಕಿ ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಎಂದು ಅಧ್ಯಯನ ಮಾಡಿ, 2001ರಲ್ಲಿ ಇದನ್ನೇ ಬರೆದರು. ಪಳಗಿದವರು ದೊಡ್ಡ ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕುವುದಿಲ್ಲ. ತಮ್ಮ ಕೈಯಲ್ಲಿ ಏನಿದೆ, ಏನು ಗೊತ್ತಿದೆ, ಯಾರು ಗೊತ್ತಿದ್ದಾರೆ ಎಂಬಲ್ಲಿಂದ ಶುರು ಮಾಡುತ್ತಾರೆ. ಹೋದರೆ ಹೋಗಲಿ ಎನ್ನುವಷ್ಟನ್ನೇ ಹಾಕುತ್ತಾರೆ.

ನೀವೂ ಒಂದು ಅಂಕಿ ಬರೆಯಿರಿ. ಮನೆಯವರ ಎದುರಿಗೆ ಕೂತು ಬರೆಯಿರಿ. ಆ ದುಡ್ಡು ಪೂರ್ತಿ ಹೋದರೂ ಬಾಡಿಗೆ, ಶಾಲೆ ಫೀಸು, ಔಷಧಿ, ಸಾಲದ ಕಂತು ಯಾವುದೂ ನಿಲ್ಲಬಾರದು. ಅಂಕಿಯ ಪಕ್ಕದಲ್ಲಿ ಒಂದು ದಿನಾಂಕವನ್ನೂ ಬರೆಯಿರಿ. ಸಮಯವೂ ಬಂಡವಾಳವೇ ಅಲ್ವಾ? ಶುರು ಮಾಡಿದ ಮೇಲೆ "ಇನ್ನು ಸ್ವಲ್ಪ ಹಾಕಿದರೆ ಆಗಿಬಿಡುತ್ತದೆ" ಎಂದು ಅನಿಸಿಯೇ ಅನಿಸುತ್ತದೆ. ಅದಕ್ಕೇ ಈ ಎರಡನ್ನೂ ತಲೆ ತಣ್ಣಗಿರುವಾಗಲೇ ಬರೆದಿಡಬೇಕು.

ಕೆಲಸದಲ್ಲಿದ್ದುಕೊಂಡೇ ಮಾಡಿ ಎಂದು ನಾನು ಹೇಳಿದರೆ ಕೆಲವರಿಗೆ ಬೇಸರ. ಪೂರ್ತಿ ಮನಸ್ಸು ಇಡದಿದ್ದರೆ ಹೇಗೆ ಎನ್ನುತ್ತಾರೆ. ಜೋಸೆಫ್ ರಾಫೀ ಮತ್ತು ಜೀ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಸಂಬಳದ ಕೆಲಸದ ಜೊತೆಗೆ ಶುರು ಮಾಡಿ, ಆಮೇಲೆ ಪೂರ್ತಿಯಾಗಿ ಇಳಿದವರು ಉದ್ಯಮ ಬಿಟ್ಟು ಹೊರಬರುವ ಸಾಧ್ಯತೆ, ಒಮ್ಮೆಗೇ ಕೆಲಸ ಬಿಟ್ಟು ಇಳಿದವರಿಗಿಂತ ಮೂರನೇ ಒಂದು ಭಾಗ ಕಡಿಮೆ ಇತ್ತು. ಸಾರಾ ಬ್ಲೇಕ್ಲಿ 5,000 ಡಾಲರ್ ಉಳಿತಾಯದಿಂದ ಸ್ಪ್ಯಾಂಕ್ಸ್ ಎಂಬ ಒಳ ಉಡುಪಿನ ಕಂಪನಿ ಕಟ್ಟುವಾಗ ಫ್ಯಾಕ್ಸ್ ಮಷೀನ್ ಮಾರುವ ಕೆಲಸವನ್ನು ಬಿಟ್ಟಿರಲಿಲ್ಲ. ಮುಂದೆ ನೈಕಿ ಆದ ಕಂಪನಿಯನ್ನು ಫಿಲ್ ನೈಟ್ ಮತ್ತು ಬಿಲ್ ಬೋವರ್‌ಮನ್ 1964ರಲ್ಲಿ ತಲಾ 500 ಡಾಲರ್ ಹಾಕಿ ಶುರು ಮಾಡಿದರು. ಫಿಲ್ ನೈಟ್ ಲೆಕ್ಕ ಬರೆಯುವವರಾಗಿ ದುಡಿದರು, ಲೆಕ್ಕಶಾಸ್ತ್ರದ ಪಾಠವನ್ನೂ ಮಾಡಿದರು. ಪೂರ್ತಿ ಸಮಯ ಕಂಪನಿಗೆ ಕೊಟ್ಟದ್ದು 1969ರಿಂದ. ನನ್ನದೇ ಕಸುಬಿನವರೆಂದು ಅವರ ಕತೆ ನನಗೆ ಜಾಸ್ತಿ ಇಷ್ಟ.

ಒಂದು ಎಚ್ಚರಿಕೆ: ಈಗಿನ ಕೆಲಸದ ಕರಾರು ಪತ್ರವನ್ನು ಮೊದಲು ಓದಿ. ಬೇರೆ ದುಡಿಮೆ ಮಾಡಬಾರದು, ಕೆಲಸದ ಅವಧಿಯಲ್ಲಿ ಕಟ್ಟಿದ್ದೆಲ್ಲ ಕಂಪನಿಯದು ಎಂಬ ಷರತ್ತುಗಳು ಅಲ್ಲಿರಬಹುದು. ಕಂಪನಿಯ ಲ್ಯಾಪ್‌ಟಾಪಿನಲ್ಲಿ ನಿಮ್ಮ ಕೆಲಸ ಮಾಡಬೇಡಿ.

ಮೂರು ತಿಂಗಳ ಪ್ರಯೋಗ

ಈಗ ನಿಜವಾದ ಪರೀಕ್ಷೆ. ಮೂರು ತಿಂಗಳು ಇಟ್ಟುಕೊಳ್ಳಿ, ವಾರಕ್ಕೆ ಎಂಟು ಹತ್ತು ತಾಸು. ಗುರಿ ಒಂದೇ: ಪರಿಚಯವೇ ಇಲ್ಲದ ಒಬ್ಬರು ನಿಮಗೆ ದುಡ್ಡು ಕೊಡಬೇಕು, ಮತ್ತೆ ಇನ್ನೊಮ್ಮೆ ಬಂದು ಕೊಡಬೇಕು. ಲೋಗೋ, ವಿಸಿಟಿಂಗ್ ಕಾರ್ಡ್, ಕಂಪನಿ ಹೆಸರು ಇವು ಯಾವುವೂ ಈ ಪ್ರಯೋಗಕ್ಕೆ ಬೇಡ. ನಿಮ್ಮ ಕೆಲಸಕ್ಕೆ ಪರವಾನಗಿ ಬೇಕೇ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಿ. ಸಾಧ್ಯವಾದರೆ ಅದೇ ಕಸುಬಿನ ಯಾರದಾದರೂ ಉದ್ಯಮದಲ್ಲಿ ಕೆಲವು ರಜಾದಿನ ಕೈಜೋಡಿಸಿ. ಅವರಿಗೆ ಅತಿ ಕಷ್ಟವಾದ ತಿಂಗಳು ಯಾವುದು, ಆಗ ಏನು ಮಾಡಿದರು ಎಂದು ಕೇಳಿ. ಯಶಸ್ಸಿನ ಗುಟ್ಟು ಕೇಳಿದರೆ ಸಿಗುವ ಉತ್ತರಕ್ಕಿಂತ ಈ ಉತ್ತರ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಯೋಗದ ಉದ್ದಕ್ಕೂ ಒಂದು ನೋಟ್‌ಬುಕ್ ಇಡಿ. ದುಡ್ಡಿನ ಲೆಕ್ಕಕ್ಕಲ್ಲ, ನಿಮ್ಮ ಲೆಕ್ಕಕ್ಕೆ. ಆ ದಿನ ಮಾಡಿದ ಒಂದೊಂದು ಕೆಲಸದ ಎದುರು ಒಂದು ಗುರುತು ಹಾಕಿ: ಮಾಡಿದ ಮೇಲೆ ಉತ್ಸಾಹ ಬಂತೋ, ಮೈ ಸೋತಿತೋ. ಮುಖ್ಯವಾಗಿ ಈ ಕೆಲಸಗಳನ್ನು ಗಮನಿಸಿ. ಪರಿಚಯವಿಲ್ಲದವರಿಗೆ ಫೋನ್ ಮಾಡಿ "ನನ್ನಲ್ಲಿ ಹೀಗೊಂದು ಇದೆ" ಎನ್ನುವುದು. ಬೆಲೆ ಹೇಳಿ ಸುಮ್ಮನೆ ಕಾಯುವುದು. ಬೇಡ ಎಂದ ಮೇಲೆ ಮುಂದಿನವರ ಹತ್ತಿರ ಹೋಗುವುದು. ಬಾಕಿ ಕೇಳುವುದು. ದೂರು ಕೇಳಿಸಿಕೊಂಡು ಸರಿ ಮಾಡಿಕೊಡುವುದು. ಪೂರ್ತಿ ಮಾಹಿತಿ ಇಲ್ಲದೆ ಒಂದು ತೀರ್ಮಾನ ತೆಗೆದುಕೊಂಡು ಮಲಗುವುದು. ಉದ್ಯಮದ ದಿನಚರಿಯಲ್ಲಿ ಇವೇ ಜಾಸ್ತಿ.

ಹೊಲಿಯುವುದು ಇಷ್ಟ ಎಂದು ಹೊಲಿಗೆ ಉದ್ಯಮ ಶುರು ಮಾಡಿದವರು ನೋಡುನೋಡುತ್ತಲೇ ಹೊಲಿಯುವುದನ್ನು ಬೇರೆಯವರಿಗೆ ಬಿಟ್ಟು ಮಾರುವುದು, ವಸೂಲಿ, ಜನರನ್ನು ನೋಡಿಕೊಳ್ಳುವುದರಲ್ಲಿ ದಿನ ಕಳೆಯುತ್ತಾರೆ. ಕೆಲವರಿಗೆ ಅದೇ ಖುಷಿ ಕೊಡುತ್ತದೆ. ಇನ್ನು ಕೆಲವರು ಒಳಗೊಳಗೇ ಸೊರಗುತ್ತಾರೆ. ನನ್ನ ಲೆಕ್ಕದ ಗಿರಾಕಿ ಒಬ್ಬರು ಅಪರೂಪದ ಬಡಗಿ. ಅವರು ತಮ್ಮ ಉದ್ಯಮವನ್ನು ಸಂಗಡಿಗರಿಗೆ ಮಾರಿ ಅಲ್ಲೇ ಸಂಬಳಕ್ಕೆ ನಿಂತರು. ಈಗ ಇಡೀ ದಿನ ಮರದ ಕೆಲಸ ಮಾಡುತ್ತಾರೆ. ಅವರ ಮುಖ ನೋಡಿದರೆ ಅದು ಸರಿಯಾದ ತೀರ್ಮಾನ ಎಂದು ಗೊತ್ತಾಗುತ್ತದೆ.

ಕಷ್ಟ ಎನಿಸಿದ್ದೆಲ್ಲ ಹೊಂದದ ಲಕ್ಷಣವೂ ಅಲ್ಲ. ಬಾಕಿ ಕೇಳುವುದು ಶುರುವಿನಲ್ಲಿ ಯಾರಿಗೂ ಸುಲಭವಲ್ಲ, ನನಗೂ ಇರಲಿಲ್ಲ. ಕೆಲಸ ಮುಗಿದ ದಿನವೇ ಬಿಲ್ ಕಳಿಸುವುದು, ಕೊಡಬೇಕಾದ ದಿನಾಂಕವನ್ನು ಮೇಲೇ ಬರೆಯುವುದು, ಆ ದಿನ ದಾಟಿದ ಮರುದಿನವೇ ಒಂದು ಸಭ್ಯ ಫೋನ್ ಮಾಡುವುದು ಅಭ್ಯಾಸವಾದರೆ ಮುಜುಗರ ಹೋಗುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ನೋಡಬೇಕಾದದ್ದು ಮೊದಲ ವಾರದ ಗುರುತನ್ನಲ್ಲ. ಮೊದಲ ತಿಂಗಳಿಗೂ ಮೂರನೇ ತಿಂಗಳಿಗೂ ಇರುವ ವ್ಯತ್ಯಾಸವನ್ನು. ಅದೇ ಕೆಲಸ ಹಗುರಾಗುತ್ತಾ ಬಂದಿದ್ದರೆ ನೀವು ಕಲಿಯುತ್ತಿದ್ದೀರಿ. ಇನ್ನಷ್ಟು ಭಾರವಾಗುತ್ತಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಪಾಲುದಾರರ ಜೊತೆ ಶುರು ಮಾಡುವುದಾದರೆ ಈ ಮೂರು ತಿಂಗಳು ಅವರ ಪರೀಕ್ಷೆಯೂ ಹೌದು. ಯಾರು ಎಷ್ಟು ದುಡ್ಡು ಹಾಕುತ್ತಾರೆ, ವಾರಕ್ಕೆ ಎಷ್ಟು ತಾಸು ದುಡಿಯುತ್ತಾರೆ, ಯಾವ ತೀರ್ಮಾನ ಯಾರದು, ಒಬ್ಬರು ಬಿಟ್ಟು ಹೋದರೆ ಏನು, ಇಷ್ಟನ್ನು ಬರೆದು ಇಬ್ಬರೂ ಸಹಿ ಹಾಕಿ. ಎಷ್ಟೇ ಹಳೆಯ ಸ್ನೇಹವಾದರೂ ಬರೆಯಿರಿ. ಸ್ನೇಹ ಉಳಿಯಬೇಕು ಎಂದೇ ಬರೆಯಿರಿ.

ಉತ್ತರ ಓದುವುದು

ಮೂರು ತಿಂಗಳ ಕೊನೆಗೆ ನಿಮ್ಮ ಹತ್ತಿರ ಮೂರು ಇರುತ್ತವೆ: ಒಂದು ವಸ್ತುವಿನ ಲೆಕ್ಕ, 13 ವಾರದ ಹಾಳೆ, ನೋಟ್‌ಬುಕ್. ಉದ್ಯಮದ ಉತ್ತರ ಮೊದಲ ಎರಡರಲ್ಲಿದೆ, ನಿಮ್ಮ ಉತ್ತರ ಮೂರನೆಯದರಲ್ಲಿದೆ. ಇವೆರಡನ್ನೂ ಬೆರೆಸಬೇಡಿ. ಬ್ಯಾಗ್ ಮಾರಾಟವಾಗಲಿಲ್ಲ, ಆದರೆ ಜನರ ಹತ್ತಿರ ಮಾತಾಡಿ ಮಾರುವ ಕೆಲಸ ನಿಮಗೆ ಹಿಡಿಸಿತು ಎಂದರೆ ಬದಲಾಗಬೇಕಾದದ್ದು ಬ್ಯಾಗು. ಬ್ಯಾಗ್ ಚೆನ್ನಾಗಿ ಹೋಯಿತು, ಆದರೆ ಮೂರು ತಿಂಗಳೂ ನಿಮಗೆ ಸರಿಯಾಗಿ ನಿದ್ದೆ ಬರಲಿಲ್ಲ ಎಂದರೆ ಅದು ಬೇರೆ ಮಾತು.

"ನನಗೆ ಹೊಂದುವುದಿಲ್ಲ" ಮತ್ತು "ಈಗ ಹೊಂದುವುದಿಲ್ಲ" ಎರಡೂ ಒಂದೇ ಅಲ್ಲ. ಮನೆಯಲ್ಲಿ ಕಾಯಿಲೆಯವರಿದ್ದಾರೆ, ಸಾಲದ ಕಂತು ದೊಡ್ಡದಿದೆ, ಮಗು ಚಿಕ್ಕದು ಎಂದರೆ ಅದು ನಿಮ್ಮ ಗುಣದ ಮಾತಲ್ಲ, ಕಾಲದ ಮಾತು. ಹಾಳೆಗಳನ್ನು ಎತ್ತಿಡಿ. ಎರಡು ವರ್ಷದ ಮೇಲೆ ಮತ್ತೆ ತೆಗೆಯಬಹುದು. ಹೊಂದುವುದೇ ಇಲ್ಲ ಎಂದು ಕಂಡರೂ ನೀವು ಕಳೆದುಕೊಂಡದ್ದು ಮೊದಲೇ ಬರೆದಿಟ್ಟ ಆ ಅಂಕಿಯಷ್ಟೇ. ನಡುವಿನ ದಾರಿಗಳೂ ಇವೆ. ಈಗಾಗಲೇ ನಡೆಯುತ್ತಿರುವ ಉದ್ಯಮಕ್ಕೆ ಪಾಲುದಾರರಾಗಬಹುದು. ಸಣ್ಣ ಕಂಪನಿಯೊಂದರಲ್ಲಿ ಶುರುವಿನಿಂದಲೇ ಕೆಲಸಕ್ಕೆ ಸೇರಬಹುದು. ರಜಾದಿನದ ದುಡಿಮೆಯನ್ನು ರಜಾದಿನಕ್ಕೇ ಉಳಿಸಿಕೊಂಡು ಹಾಯಾಗಿರಬಹುದು. ಹಾಗಿರುವವರನ್ನು ಯಾರೂ ಕೀಳಾಗಿ ಕಾಣಬಾರದು.

ಎಲ್ಲ ಸರಿ ಹೋಯಿತು, ಕೆಲಸ ಬಿಡುವುದು ಯಾವಾಗ? ನಾನು ನೋಡುವುದು ಎರಡು ಗುರುತು. ಸಮಯ ಸಾಲದೆ ನೀವು ಆರ್ಡರುಗಳನ್ನು ವಾಪಸ್ ಕಳಿಸಲು ಶುರು ಮಾಡಿರಬೇಕು. ಕೆಲವು ತಿಂಗಳಿಂದ ಸತತವಾಗಿ, ಎಲ್ಲ ಖರ್ಚು ಕಳೆದ ಮೇಲೆ, ಮನೆ ಖರ್ಚಿನ ಅರ್ಧದಷ್ಟಾದರೂ ಉದ್ಯಮದಿಂದ ಬರುತ್ತಿರಬೇಕು. ಎರಡೂ ಇದ್ದರೆ ರಾಜೀನಾಮೆ ಪತ್ರ ಬರೆಯುವ ಮೊದಲು 13 ವಾರದ ಹಾಳೆಯನ್ನು ಇನ್ನೊಮ್ಮೆ ಬರೆಯಿರಿ. ಈ ಸಲ ಸಂಬಳದ ಸಾಲು ಇರಬಾರದು. ಅತಿ ದೊಡ್ಡ ಗಿರಾಕಿ ಒಂದು ತಿಂಗಳು ತಡವಾಗಿ ಹಣ ಕೊಡುತ್ತಾರೆ ಎಂದೂ ಹಿಡಿಯಿರಿ. ಯಾವ ವಾರವೂ ಸೊನ್ನೆಯ ಕೆಳಗೆ ಹೋಗದಿದ್ದರೆ ಪತ್ರ ಕೊಡಿ. ಹೋದರೆ, ಎಷ್ಟು ಕೆಳಗೆ ಹೋಯಿತೋ ಅಷ್ಟನ್ನು ಉಳಿತಾಯದಲ್ಲಿ ಕೂಡಿಸುವವರೆಗೆ ಸಂಬಳ ತೆಗೆದುಕೊಳ್ಳುತ್ತಿರಿ.